ಎಡದಿಂದ ಎರಡನೆಯ ಕಂಬ

ಗಾಜಿನ ಪಟ್ಟಿ ಹತ್ತು ಸೆಂಟಿಮೀಟರ್ ಉದ್ದ, ಎರಡು ಮಿಲಿಮೀಟರ್ ದಪ್ಪ. ಎರಡೂ ತುದಿಯ ಅಂಟು ಒಣಗಿ ಹಳದಿಗಟ್ಟಿತ್ತು. ಯಾರೋ ಅದರ ಮೇಲೆ ಬರೆದಿಟ್ಟಿದ್ದ ತಾರೀಖು ಬಿಸಿಲಿಗೆ ಮಾಸಿ ಒಂದು ಗೆರೆ ಮಾತ್ರ ಉಳಿದಿತ್ತು. ಪಟ್ಟಿ ನಟ್ಟನಡುವೆ ಸೀಳಿತ್ತು. ಸೀಳು ಎಷ್ಟು ತೆಳುವೆಂದರೆ, ತಲೆಯನ್ನು ಒಂದು ಬದಿಗೆ ವಾಲಿಸಿ ನೋಡಿದರೆ ಮಾತ್ರ ಕಾಣುತ್ತಿತ್ತು.

ಕಾಂಕ್ರೀಟಿನ ಬಿರುಕಿಗೆ ಅಡ್ಡಲಾಗಿ ಗಾಜು ಅಂಟಿಸಿಡುವುದು ನಮ್ಮ ಕೆಲಸದಲ್ಲಿ ಹಳೆಯ ಪದ್ಧತಿ. ಬಿರುಕು ಬೆಳೆಯದಿದ್ದರೆ ಗಾಜು ವರ್ಷಗಟ್ಟಲೆ ಹಾಗೇ ಇರುತ್ತದೆ. ಕೂದಲಿನಷ್ಟು ಅಗಲವಾದರೂ ಒಡೆಯುತ್ತದೆ. ಆ ಸೇತುವೆಯ ನಾಲ್ಕು ಕಂಬಗಳ ಮೇಲೆ ನನಗಿಂತ ಹಿಂದಿನವರು ಯಾರೋ ಎಂಟು ಪಟ್ಟಿ ಅಂಟಿಸಿದ್ದರು. ಐದು ಒಡೆದಿದ್ದವು. ಮೊಣಕಾಲುದ್ದದ ನೀರಿನಲ್ಲಿ ನಿಂತು ನಾನು ಅದನ್ನು ಪುಸ್ತಕದಲ್ಲಿ ಬರೆದುಕೊಂಡೆ.

ಅದಕ್ಕೆ ಮೂರು ದಿನ ಮೊದಲು ಇರಾನಿನ ಕಡೆ ದೊಡ್ಡ ಭೂಕಂಪವಾಗಿತ್ತು. ಅಲ್ಲಿ ಊರುಗಳೇ ಕುಸಿದಿದ್ದವು. ಕುವೈತಿನಲ್ಲಿ ಅದು ದೀಪ ತೂಗಿದಷ್ಟು. ಸಲ್ವಾದಲ್ಲಿ ನಾನು ಬಾಡಿಗೆಗಿದ್ದ ಮನೆಯವರೆಲ್ಲ ಕೆಳಗಿಳಿದು ಬೀದಿಯಲ್ಲಿ ನಿಂತೆವು. ಎದುರುಮನೆಯ ಕುವೈತಿ ಮುದುಕಿ ಖರ್ಜೂರದ ಡಬ್ಬಿ ತಂದು ಮಕ್ಕಳಿಗೆ ಹಂಚಿದಳು. ಸುತ್ತಲಿದ್ದವರೆಲ್ಲ ಊರಿಗೆ ಫೋನ್ ಮಾಡುತ್ತಿದ್ದರು. ನಾನು ಮಾಡಲಿಲ್ಲ. ಏನೂ ಆಗಿರಲಿಲ್ಲ, ಏನೂ ಆಗಿಲ್ಲವೆಂದು ಹೇಳಲು ಫೋನ್ ಮಾಡುವುದು ನನ್ನ ಸ್ವಭಾವದಲ್ಲಿಲ್ಲ.

ಮೈಸೂರಿನಲ್ಲಿ ಓದು ಮುಗಿಸಿ ಬಂದು ಆಗ ಎರಡು ವರ್ಷವಾಗಿತ್ತು. ನಗರದ ಶರ್ಕ್ ಎಂಬ ಭಾಗದ ಒಂದು ಕಚೇರಿಯಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್ ಆಗಿದ್ದೆ. ಭೂಕಂಪದ ಮರುದಿನವೇ ಈ ಸೇತುವೆಯನ್ನು ಪರೀಕ್ಷಿಸುವ ಕೆಲಸ ನಮಗೆ ಬಂತು. ಜಹ್ರಾದಾಚೆ ಸಮುದ್ರದ ಒಂದು ಕವಲು ಒಳಕ್ಕೆ ಬರುವ ಜಾಗದಲ್ಲಿ ಅದು ಇದೆ. ಉದ್ದದಲ್ಲಿ ಸಣ್ಣದು. ಇರಾಕಿನ ಸೈನ್ಯ ಬಂದಿದ್ದಾಗ ಸುತ್ತಲಿನ ಮನೆಗಳ ಕೆಲವರು ಅದರ ಮೇಲೆಯೇ ಸತ್ತರಂತೆ. ಬಿಡುಗಡೆಯ ನಂತರ ಸೇತುವೆಯನ್ನು ದುರಸ್ತಿ ಮಾಡಿ, ಸತ್ತವರ ಹೆಸರುಗಳನ್ನು ಕಪ್ಪು ಕಲ್ಲಿನಲ್ಲಿ ಕೆತ್ತಿಸಿ ಒಂದು ತುದಿಯಲ್ಲಿ ನಿಲ್ಲಿಸಿದ್ದರು. ಬದಿಯ ಗೋಡೆಯ ಮೇಲಿನ ಗುಂಡಿನ ಗುರುತುಗಳನ್ನು ಬೇಕೆಂದೇ ಮುಚ್ಚಿರಲಿಲ್ಲ. ವರ್ಷಕ್ಕೊಮ್ಮೆ ಆ ಕಲ್ಲಿನ ಮುಂದೆ ಹೂವಿನ ಚಕ್ರ ಇಡುತ್ತಾರೆ. ಹಾಗಾಗಿ ಅದನ್ನು ಕೆಡವಿ ಹೊಸದು ಕಟ್ಟುವ ಮಾತೇ ಇರಲಿಲ್ಲ. ಇದ್ದದ್ದನ್ನೇ ಗಟ್ಟಿಮಾಡಬೇಕಿತ್ತು.

ನಾನು ಗಾಜಿನ ಲೆಕ್ಕ ಬರೆದು ದಡಕ್ಕೆ ಬಂದಾಗ ಅಮ್ಮನ ಫೋನ್ ಬಂತು.

"ಭೂಮಿ ನಡುಗಿದ್ದು ನೀನು ಹೇಳಲೇ ಇಲ್ವಲ್ಲೇ."

"ಏನೂ ಆಗಿಲ್ಲಮ್ಮ."

"ಏನೂ ಆಗ್ದಿದ್ರೂ ಹೇಳ್ಬೋದಲ್ಲ. ಪಕ್ಕದ ಮನೆಯವರು ಬಂದು ಕೇಳಿದ್ಮೇಲೆ ನಂಗೆ ಗೊತ್ತಾಗ್ಬೇಕಾ?"

"ಕೆಲಸದಲ್ಲಿದೀನಿ. ಆಮೇಲೆ ಮಾಡ್ತೀನಿ."

ಫೋನ್ ಇಟ್ಟ ಕೂಡಲೇ ಹಿಂದಿನಿಂದ ಒಂದು ದನಿ ಕೇಳಿಸಿತು. "ತಾಯಿಯ ಫೋನು ಹಾಗೆ ಬೇಗ ಇಡ್ಲಿಕ್ಕುಂಟಾ ಮೇಡಮ್?"

ತಿರುಗಿ ನೋಡಿದೆ. ಐವತ್ತು ದಾಟಿದವರು, ಚಿಕ್ಕದಾಗಿ ಕತ್ತರಿಸಿದ ಬಿಳಿ ಗಡ್ಡ, ಕೈಯಲ್ಲಿ ಚಹಾದ ಫ್ಲಾಸ್ಕು ಮತ್ತು ಕಾಗದದ ಲೋಟಗಳು. ರಸ್ತೆಯ ಆಚೆ ಕಾಣುತ್ತಿದ್ದ ಬಕಾಲಾ, ಅಂದರೆ ಸಣ್ಣ ದಿನಸಿ ಅಂಗಡಿ, ಅವರದು. ಮಂಗಳೂರಿನ ಕಡೆಯ ಬ್ಯಾರಿಗಳು. ಕುವೈತಿಗೆ ಬಂದು ಮೂವತ್ತು ವರ್ಷಕ್ಕೆ ಹತ್ತಿರವಾಯಿತೆಂದರು. ನನ್ನ ಊರು ಕೇಳಿ, "ಘಟ್ಟದ ಮೇಲಿನವರು. ಹಾಗಾದ್ರೆ ಮೀನಿಲ್ಲ, ಚಹಾ ಆದೀತು," ಎಂದು ಲೋಟ ಕೊಟ್ಟರು. ನನ್ನ ಜೊತೆ ಬಂದಿದ್ದ ಮೋಜಣಿದಾರರಿಗೂ ಕೊಟ್ಟರು. ನಂತರ ಕಂಬಗಳ ಕಡೆ ಕೈ ತೋರಿಸಿದರು.

"ಕೆಡವುದಾ?"

"ಇಲ್ಲ. ಗಟ್ಟಿ ಮಾಡ್ತೀವಿ."

"ಗಟ್ಟಿ ಮಾಡುದು ಅಂದ್ರೆ ಹೇಗೆ?"

"ಕಂಬದ ಮೈಯನ್ನೆಲ್ಲ ಉಳಿಯಿಂದ ಕೆತ್ತಿ ಒರಟು ಮಾಡ್ಬೇಕು. ಆಮೇಲೆ ಸುತ್ತ ಕಂಬಿ ಕಟ್ಟಿ ಹೊಸ ಕಾಂಕ್ರೀಟ್. ಅಂಗಿ ಮೇಲೆ ಕೋಟು ಹಾಕಿದ ಹಾಗೆ."

"ನಾಲ್ಕಕ್ಕೂ?"

"ನಾಲ್ಕಕ್ಕೂ."

ಅವರು ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸಿದರು, ಮತ್ತೆ ಬಿಚ್ಚಿದರು, ಮತ್ತೆ ತಿರುಗಿಸಿದರು. "ನೀರು ಪೂರ್ತಿ ಇಳಿಯುವ ದಿನ ಇನ್ನೊಮ್ಮೆ ಬರ್ತೀರಾ? ಒಂದು ತೋರಿಸ್ಲಿಕ್ಕುಂಟು."

ಮುಂದಿನ ವಾರ ಸುತ್ತಿಗೆಯಿಂದ ತಟ್ಟಿ ನೋಡುವ ಕೆಲಸವಿತ್ತು. ಕಾಂಕ್ರೀಟು ಒಳಗೆ ಟೊಳ್ಳಾಗಿದ್ದರೆ ಸದ್ದು ಮಂದವಾಗಿ ಬರುತ್ತದೆ, ಗಟ್ಟಿಯಾಗಿದ್ದರೆ ಕಂಚಿನ ಹಾಗೆ. ನಾನು ಎಡದಿಂದ ಎರಡನೆಯ ಕಂಬದ ಹತ್ತಿರ ಇದ್ದಾಗ ಅವರು ಪ್ಯಾಂಟು ಮಡಚಿಕೊಂಡು ಕೆಸರಿನಲ್ಲಿ ಬಂದರು. ಕಂಬದ ಒಳಮಗ್ಗುಲಿಗೆ ಕರೆದುಕೊಂಡು ಹೋಗಿ, ಜೇಬಿನಿಂದ ಬಟ್ಟೆ ತೆಗೆದು ಪಾಚಿ ಒರೆಸಿದರು. ಅಲ್ಲಿ ಒಂದು ಅಂಗೈಯ ಅಚ್ಚು ಇತ್ತು. ಬಲಗೈ. ಐದು ಬೆರಳೂ ಬಿಡಿಬಿಡಿಯಾಗಿ ಮೂಡಿದ್ದವು.

"ನನ್ನ ಅಣ್ಣಂದು," ಎಂದರು.

ಯುದ್ಧ ಮುಗಿದು ಕೆಲಸಗಾರರನ್ನು ಮತ್ತೆ ಕರೆಸಿಕೊಂಡಾಗ ಅಣ್ಣತಮ್ಮ ಇಬ್ಬರೂ ಬಂದಿದ್ದರು. ಅಣ್ಣ ಗಾರೆಯವರು, ತಮ್ಮ ಸಹಾಯಕ. ಶೆಲ್ಲು ಬಿದ್ದು ಗಾಯವಾಗಿದ್ದ ಈ ಕಂಬಕ್ಕೆ ಹೊಸ ಗಾರೆ ಮೆತ್ತಿದ್ದು ಅವರೇ. ಕೊನೆಯ ತೇಪೆ ಹಸಿಯಾಗಿದ್ದಾಗ ಅಣ್ಣ ನಗುತ್ತಾ ಕೈ ಒತ್ತಿದರಂತೆ. "ಎಂತಕ್ಕೆ ಅಂತ ನಾನು ಕೇಳಿದೆ. 'ಇಂಜಿನಿಯರಿನ ಸಹಿ ಕಾಗದದಲ್ಲಿ, ನನ್ನದು ಇಲ್ಲಿ' ಅಂದ. ಫೋರ್ಮನ್ ಬಂದ್ರೆ ಬೈತಾನೆ, ಅಳಿಸು ಅಂತ ನಾನು. ನೀರು ಬಂದ್ರೆ ಮುಚ್ತದೆ, ಸುಮ್ಮನಿರು ಅಂತ ಅವ."

ಅದಾಗಿ ಹನ್ನೊಂದು ದಿನಕ್ಕೆ, ಊಟದ ಹೊತ್ತಿನಲ್ಲಿ, ಅಣ್ಣ ಹಲಗೆಗೆ ಆಸರೆ ಕೊಡಲು ಒಂದು ಕಬ್ಬಿಣದ ತುಂಡು ಹುಡುಕಿಕೊಂಡು ಮರಳಿನ ಕಡೆ ಹೋದರು. ಮರಳಿನಲ್ಲಿ ಸೈನ್ಯ ಬಿಟ್ಟುಹೋದದ್ದು ಏನೋ ಇತ್ತು. ಸದ್ದು ಕೇಳಿ ತಮ್ಮ ಓಡಿದರು.

ಕಪ್ಪು ಕಲ್ಲಿನಲ್ಲಿ ಆ ಹೆಸರಿಲ್ಲ. ಯುದ್ಧ ಮುಗಿದ ಮೇಲೆ ಸತ್ತವರು ಆ ಪಟ್ಟಿಗೆ ಸೇರುವುದಿಲ್ಲ. ಅದರ ಬಗ್ಗೆ ಅವರಿಗೆ ದೂರಿರಲಿಲ್ಲ. "ಪಟ್ಟಿ ಅವರದ್ದು, ದೇಶ ಅವರದ್ದು. ಅದು ನ್ಯಾಯವೇ," ಎಂದರು.

ಅವರಿಗೆ ಇದ್ದ ಆಸೆ ಒಂದೇ. ಅಣ್ಣ ಕುವೈತಿಗೆ ಹೊರಟಾಗ ಅತ್ತಿಗೆ ಬಸುರಿ. ಹುಟ್ಟಿದ ಹುಡುಗಿಗೆ ಈಗ ನನ್ನದೇ ವಯಸ್ಸು, ನರ್ಸು. ತಂದೆಯದೆಂದು ಅವಳ ಹತ್ತಿರ ಇರುವುದು ಪಾಸ್‌ಪೋರ್ಟಿನ ಒಂದು ಚಿತ್ರ. ಸೌದಿಯಲ್ಲಿ ದೊಡ್ಡ ಆಸ್ಪತ್ರೆಯ ಕೆಲಸ ಸಿಕ್ಕಿದ್ದರೂ ಬಿಟ್ಟು, ಜಹ್ರಾದ ಒಂದು ಸಣ್ಣ ಕ್ಲಿನಿಕ್‌ಗೆ ಬರಲು ಒಪ್ಪಿದ್ದಳು. ಕಾರಣ ಈ ಕೈ. "ನಾನು ಫೋಟೊ ತೆಗೆದು ಕಳ್ಸಿದ್ದೇನೆ. 'ಫೋಟೊಕ್ಕೆ ಕೈ ಇಟ್ರೆ ಗಾಜು ಸಿಗ್ತದೆ ಚಿಕ್ಕಪ್ಪ' ಅಂತಾಳೆ. ಅವಳಿಗೆ ಇದರೊಳಗೆ ಕೈ ಇಡ್ಬೇಕು. ವೀಸಾ, ಮೆಡಿಕಲ್ಲು ಎಲ್ಲ ಆಗಿ ಬರ್ಲಿಕ್ಕೆ ನಾಲ್ಕೈದು ತಿಂಗಳು. ಅವಳು ಒಮ್ಮೆ ಕೈ ಇಡುವ ತನಕ ಸಾಕು ಮೇಡಮ್. ಆಮೇಲೆ ನೀವು ಕೋಟು ಹಾಕಿ, ಸೂಟು ಹಾಕಿ."

"ನಾಲ್ಕೈದು ತಿಂಗಳಲ್ಲಿ ಕೆಲಸ ಮುಗಿಯೋ ಹಂತಕ್ಕೆ ಬಂದಿರುತ್ತೆ," ಎಂದೆ. "ನೋಡ್ತೀನಿ. ಮಾತು ಕೊಡಲ್ಲ."

"ಕೊಡ್ಬೇಡಿ. ನೋಡಿ ಸಾಕು. ಮತ್ತೊಂದು, ದೊಡ್ಡವರಿಗೆ ಹೇಳ್ಬೇಡಿ. ಇದು ಶಹೀದರ ಸೇತುವೆ. ಕೂಲಿಯವನ ಕೈ ಇಲ್ಲಿ ಯಾಕುಂಟು ಅಂತ ಕೇಳಿದ್ರೆ ನನ್ನ ಹತ್ತಿರ ಉತ್ತರ ಇಲ್ಲ."

ಯಾರಿಗೂ ಹೇಳಬೇಡಿ ಎಂಬ ಮಾತು ನನಗೆ ಕಷ್ಟದ್ದಾಗಿರಲಿಲ್ಲ. ಹೇಳದಿರುವುದು ನನಗೆ ಸುಲಭ.

ಆ ತೇಪೆಯನ್ನು ಸುತ್ತಿಗೆಯಿಂದ ತಟ್ಟಿ ನೋಡಿದೆ. ಗಟ್ಟಿಯಾಗಿತ್ತು. ಸುತ್ತಲಿನ ಗಾರೆಗಿಂತ ಗಟ್ಟಿಯಾಗಿತ್ತು. ಅದನ್ನು ಬಿಟ್ಟು ಕೋಟು ಹಾಕಲು ಸಾಧ್ಯವೇ ಎಂದು ಕಚೇರಿಯಲ್ಲಿ ಒಂದು ವಾರ, ನನ್ನ ಉಳಿದ ಕೆಲಸ ಮುಗಿದ ಮೇಲೆ, ಲೆಕ್ಕ ಹಾಕಿದೆ. ಕಂಬ ಗೋಡೆಯ ಹಾಗೆ ಅಗಲವಾದದ್ದು. ಹೊಸ ಪದರದಲ್ಲಿ ಒಂದು ಚೌಕ ಕಿಂಡಿ ಬಿಟ್ಟು, ಅದರ ನಾಲ್ಕು ಅಂಚಿಗೆ ಹೆಚ್ಚುವರಿ ಕಂಬಿ ಕಟ್ಟಿದರೆ ಬಲ ಕಡಿಮೆಯಾಗುವುದಿಲ್ಲವೆಂದು ತೋರಿತು. ಲೆಕ್ಕವನ್ನು ಇನ್ನೊಂದು ವಿಧಾನದಲ್ಲಿ ಮತ್ತೆ ಮಾಡಿದೆ. ಉತ್ತರ ಅದೇ ಬಂತು.

ನಮ್ಮ ಹಿರಿಯ ಎಂಜಿನಿಯರ್ ಈಜಿಪ್ಟಿನವರು, ಅರವತ್ತು ದಾಟಿದವರು. ಅವರಿಗೊಬ್ಬರಿಗೆ ವಿಷಯ ಹೇಳದೆ ವಿಧಿಯಿರಲಿಲ್ಲ. ಲೆಕ್ಕದ ಹಾಳೆಗಳನ್ನು ತಿರುವಿ ಹಾಕುತ್ತಾ ಅವರು ಎಲ್ಲ ಕೇಳಿಸಿಕೊಂಡರು. ನಮ್ಮ ಮಾತು ಇಂಗ್ಲಿಷಿನಲ್ಲಿ, ನಡುನಡುವೆ ಅವರ ಅರಬ್ಬಿ. ನನ್ನನ್ನು ಅವರು ಕರೆಯುತ್ತಿದ್ದದ್ದು ಬಾಶ್‌ಮುಹಂದಿಸಾ, ಅಂದರೆ ಎಂಜಿನಿಯರಮ್ಮ, ಎಂದು.

"ನೀನು ಈ ಕೈಗಾಗಿ ಎಂಟು ಹಾಳೆ ಲೆಕ್ಕ ಮಾಡಿದ್ದೀಯ. ಇಡೀ ಸೇತುವೆಗೆ ಎಷ್ಟು?"

"ಅರವತ್ತು."

"ಸರಿ, ಕೈ ಸಣ್ಣದು," ಎಂದು ನಕ್ಕರು. "ಕಿಂಡಿ ಹಾಕು. ತಪಾಸಣಾ ಕಿಂಡಿ ಅಂತ ಬರೆ. ತಪಾಸಣೆ ಅಂದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ, ಬಾಶ್‌ಮುಹಂದಿಸಾ. ಯಲ್ಲಾ, ಹೋಗು."

ನಾನು ಹಾಗೇ ಬರೆದೆ. ಒಂದೇ ಹಾಳೆ. ಕಿಂಡಿಯ ಅಳತೆ, ತಳದಿಂದ ಎತ್ತರ, ಅಂಚಿನ ಕಂಬಿಗಳು, "ಕಂಬ 2, ತಪಾಸಣಾ ಕಿಂಡಿ. ಕಿಂಡಿಯೊಳಗಿನ ಮೈಯನ್ನು ಕೆತ್ತಬಾರದು." ಕೈ ಎಂಬ ಪದ ಆ ಹಾಳೆಯಲ್ಲಿ ಇರಲಿಲ್ಲ. ಫೋಟೊ ಹಾಕಲಿಲ್ಲ. ಹಾಕಬಹುದಿತ್ತು.

ಆ ಸೇತುವೆಯ ಹಳೆಯ ನಕ್ಷೆಗಳು ಅರಬ್ಬಿಯವು. ಅರಬ್ಬಿಯನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ಕಂಬಗಳಿಗೂ ಬಲದಿಂದಲೇ ಒಂದು, ಎರಡು, ಮೂರು, ನಾಲ್ಕು ಎಂದು ಸಂಖ್ಯೆ ಕೊಟ್ಟಿದ್ದರು. ನಾನು ಹೊಸ ನಕ್ಷೆ ಬರೆಯುವಾಗ, ಒಂದನೇ ತರಗತಿಯಿಂದ ರೂಢಿಯಾದ ಹಾಗೆ, ಎಡದಿಂದ ಎಣಿಸಿದ್ದೆ. ತಿಳಿಯದೆ ಮಾಡಿದ್ದಲ್ಲ. ಮೊದಲನೆಯ ಹಾಳೆಯಲ್ಲಿ ಅದನ್ನು ಟಿಪ್ಪಣಿಯಾಗಿ ಬರೆದೂ ಇದ್ದೆ. ಆದರೆ ನಾಲ್ಕು ಕಂಬಕ್ಕೂ ಒಂದೇ ಕೆಲಸ. ಯಾರು ಯಾವ ತುದಿಯಿಂದ ಎಣಿಸಿದರೂ ನಡೆಯುತ್ತಿತ್ತು. ಆದ್ದರಿಂದ ಆ ಟಿಪ್ಪಣಿಯನ್ನು ಯಾರೂ ಓದುವ ಅಗತ್ಯ ಬೀಳಲಿಲ್ಲ. ಗುತ್ತಿಗೆದಾರರು ಸ್ಥಳಕ್ಕೆ ಬಂದ ಮೇಲೆ ಹಳೆಯ ನಕ್ಷೆ ನೋಡಿಯೇ ಕಂಬಗಳ ಮೇಲೆ ಕೆಂಪು ಬಣ್ಣದಲ್ಲಿ ಸಂಖ್ಯೆ ಬರೆದರು. ನನ್ನ ಎರಡು ಅವರ ಮೂರಾಯಿತು. ಕಿಂಡಿಯ ಹಾಳೆಯನ್ನು ನಾನು ಆಮೇಲೆ ಕಳಿಸಿದೆ. ಅದು ಒಂಟಿಯಾಗಿ ಹೋಯಿತು, ಟಿಪ್ಪಣಿ ಇರದ ಹಾಳೆ.

ಆ ನಾಲ್ಕು ತಿಂಗಳಲ್ಲಿ ನಾನು ಸ್ಥಳಕ್ಕೆ ಹೋದದ್ದು ಎರಡೇ ಸಲ. ಎರಡು ಸಲವೂ ಮೇಲಿನ ತೊಲೆಗಳ ಕೆಲಸಕ್ಕೆ. ಎರಡು ಸಲವೂ ನೀರು ಏರಿತ್ತು. ಕಂಬದ ಮೇಲಿನ ಸಂಖ್ಯೆ ಸೇತುವೆಯ ಮೇಲೆ ನಿಂತವರಿಗೆ ಕಾಣುವುದಿಲ್ಲ. ಬದಿಗೋಡೆಯ ಗುಂಡಿನ ಗುರುತುಗಳಿಗೆ ಸ್ಪಂಜು ಒತ್ತಿ, ಮೇಲೆ ಪ್ಲೈವುಡ್ ಹಲಗೆ ಕಟ್ಟಿದ್ದರು. ಪ್ರತಿ ಹಲಗೆಯ ಮೇಲೂ ಮೂರು ಭಾಷೆಯಲ್ಲಿ "ಮುಟ್ಟಬೇಡಿ" ಎಂದು ಬರೆದಿತ್ತು. ಕೆಲಸ ಅಚ್ಚುಕಟ್ಟಾಗಿದೆ ಎಂದು ವರದಿ ಬರೆದೆ.

ಕೈಗೆ ಕಿಂಡಿ ಬಿಡುವ ವಿಷಯವನ್ನು ಬಕಾಲಾದವರಿಗೆ ಹೇಳಿದ್ದೆ. ಅಂಗಡಿಯ ಮುಂದೆ ಕಾರು ನಿಲ್ಲಿಸಿದಾಗ ಚಹಾ ಕೊಟ್ಟು, ಉಳಿದಂತೆ ಫೋನಿನಲ್ಲಿ, ಅವರು ಹುಡುಗಿಯ ಸುದ್ದಿ ಹೇಳುತ್ತಿದ್ದರು. ಮೆಡಿಕಲ್ ಆಯಿತು. ವೀಸಾ ಬಂತು. ಟಿಕೆಟ್ ಆಯಿತು. "ಶನಿವಾರ ಬರ್ತಾಳೆ. ಭಾನುವಾರ ಬೆಳಿಗ್ಗೆ ನೀರು ಇಳಿತದೆ, ನಾನು ಕ್ಯಾಲೆಂಡರು ನೋಡಿದ್ದೇನೆ. ನೀವೂ ಬರ್ಬೇಕು. ಕೆಲಸ ಶುರುವಾದ ಮೇಲೆ ನಮ್ಮನ್ನು ಕೆಳಗೆ ಬಿಡುದಿಲ್ಲ. ನಿಮ್ಮ ಕಿಟಕಿ ಅಲ್ವಾ ಅದು."

"ಕಿಂಡಿ," ಎಂದೆ.

"ನಿಮಗೆ ಕಿಂಡಿ. ನಮಗೆ ಕಿಟಕಿ."

ಆ ಶನಿವಾರದ ಮೊದಲಿನ ಬುಧವಾರ ಕಾಂಕ್ರೀಟ್ ಸುರಿಯುವ ಮುಂಚಿನ ತಪಾಸಣೆ ಇತ್ತು. ಕಂಬಿಗಳನ್ನು ಎಣಿಸಿ, ಅಂತರ ಅಳೆದು, ನಾನು ಸಹಿ ಮಾಡಿದ ಮೇಲೆ ಮುಂದಿನ ಕೆಲಸ. ಇಳಿತದ ನೀರು ಆಗತಾನೇ ಸರಿದಿತ್ತು. ಗುತ್ತಿಗೆದಾರರ ಎಂಜಿನಿಯರ್, ಹೈದರಾಬಾದಿನವರು, ನನ್ನನ್ನು ನೇರವಾಗಿ ಕಿಂಡಿಯ ಹತ್ತಿರ ಕರೆದೊಯ್ದರು.

"ನಿಮ್ಮ ಕಿಂಡಿ, ಮೇಡಮ್. ಅಳೆದು ನೋಡಿ. ಒಂದು ಮಿಲಿಮೀಟರ್ ಹೆಚ್ಚುಕಡಿಮೆ ಇಲ್ಲ."

ಅವರು ಹೇಳಿದ್ದು ನಿಜ. ಚೌಕಟ್ಟು ಬಹಳ ಚೆನ್ನಾಗಿತ್ತು. ಅಂಚಿನ ಕಂಬಿಗಳು ಹಾಳೆಯಲ್ಲಿದ್ದ ಹಾಗೇ ಇದ್ದವು. ಚೌಕದ ಒಳಗೆ, ಯಾರೂ ಕೆತ್ತದೆ ಜೋಪಾನ ಮಾಡಿದ, ಬೂದುಬಣ್ಣದ ಬೋಳು ಕಾಂಕ್ರೀಟು. ಕಂಬದ ಮೇಲೆ ಕೆಂಪು ಬಣ್ಣದ 2.

ಏನಾಗಿದೆಯೆಂದು ಆ ಅಂಕಿ ನೋಡಿದ ಕೂಡಲೇ ತಿಳಿಯಿತು. ಆದರೂ ನಾನು ಎಡಕ್ಕೆ ಓಡಲಿಲ್ಲ. ಮೊದಲು ಆ ಕಂಬದ ಕಂಬಿಗಳನ್ನು ಪೂರ್ತಿ ಎಣಿಸಿದೆ. ನಂತರ ಎಡಗಡೆಯ ಕಂಬಕ್ಕೆ ನಡೆದೆ. ಅದರ ಮೇಲೆ 3 ಎಂದಿತ್ತು. ಕಂಬಿಯ ಜಾಲದೊಳಗೆ ಕೈದೀಪ ಹಿಡಿದೆ. ಒಳಮಗ್ಗುಲು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನೆ ಕೆತ್ತಿತ್ತು, ನಾನೇ ಬರೆದುಕೊಟ್ಟ ಆರು ಮಿಲಿಮೀಟರ್ ಆಳಕ್ಕೆ. ಒಳ್ಳೆಯ ಕೆಲಸ. ಎಲ್ಲಿ ಏನಿತ್ತೆಂದು ಹೇಳಲು ನನ್ನಿಂದಲೂ ಆಗಲಿಲ್ಲ. ತಳದಿಂದ ಎತ್ತರ ಅಳೆದ ಮೇಲೆಯೇ ಜಾಗ ಗೊತ್ತಾಯಿತು.

ಕೆಳಗೆ ಕುಳಿತು ಉಳಿ ಹದ ಮಾಡುತ್ತಿದ್ದ ಬಾಂಗ್ಲಾದ ಕೆಲಸಗಾರ ತಲೆಯೆತ್ತಿ ನೋಡಿದ. ನಾನು ದೀಪ ಹಿಡಿದ ಜಾಗ ನೋಡಿ ಅವನೇ ಮಾತು ತೆಗೆದ.

"ಇಧರ್ ಏಕ್ ಹಾಥ್ ಥಾ, ಮೇಡಮ್."

"ಹೂಂ," ಎಂದೆ.

ಅವನ ಅರ್ಧಂಬರ್ಧ ಹಿಂದಿಯಲ್ಲಿ ಉಳಿದದ್ದನ್ನು ಹೇಳಿದ. ಕೈ ನೋಡಿ ಅವನಿಗೆ ಉಳಿ ಇಡಲು ಮನಸ್ಸಾಗಿರಲಿಲ್ಲ. ಸುತ್ತಲಿನದನ್ನೆಲ್ಲ ಕೆತ್ತಿ, ಅದನ್ನು ಕೊನೆಗೆ ಬಿಟ್ಟಿದ್ದ. ಎರಡು ದಿನ ಹಾಗೇ ಇತ್ತು. ಫೋರ್ಮನ್‌ನನ್ನು ಕರೆದು ತೋರಿಸಿದ. ಫೋರ್ಮನ್ ಡ್ರಾಯಿಂಗ್ ತಂದು ನೋಡಿದ. ಮೂರನೇ ಕಂಬದಲ್ಲಿ ಏನೂ ಬಿಡಬೇಕೆಂದು ಇರಲಿಲ್ಲ. "ಡ್ರಾಯಿಂಗ್ ಮೇಂ ಕುಛ್ ನಹೀಂ ಥಾ. ಫೋರ್ಮನ್ ಬೋಲಾ, ಖಲಾಸ್ ಕರೋ." ಅವನು ನನ್ನ ಮುಖ ನೋಡಿ, "ಗಲತ್ ಹುವಾ ಕ್ಯಾ?" ಎಂದು ಕೇಳಿದ.

ನಿನ್ನಿಂದ ತಪ್ಪಾಗಿಲ್ಲ ಎಂದೆ. ಅದೊಂದನ್ನು ಸರಿಯಾಗಿ ಹೇಳಿದೆನೆಂದು ಈಗಲೂ ಅನಿಸುತ್ತದೆ.

ಹಾಳೆಯಲ್ಲಿ ಒಂದು ಪದ ಬರೆದಿದ್ದರೆ ಸಾಕಿತ್ತು. ಕೈಯ ಅಚ್ಚು ಎಂದು ಬರೆದಿದ್ದರೆ, ಸಂಖ್ಯೆ ಯಾವುದಿದ್ದರೂ ಇವರು ಕಂಬದಿಂದ ಕಂಬಕ್ಕೆ ಹೋಗಿ ಹುಡುಕುತ್ತಿದ್ದರು. ನನ್ನ ಲೆಕ್ಕ ಓದಲಾರದವನಿಗೂ ಅದು ಉಳಿಯಬೇಕಾದದ್ದೆಂದು ತಿಳಿದಿತ್ತು. ಅವನಿಗೆ ಬೇಕಾಗಿದ್ದ ಒಂದು ಪದವನ್ನು ನಾನು ಗುಟ್ಟೆಂದು ಇಟ್ಟುಕೊಂಡೆ. ಮೇಣದಲ್ಲೋ ಜಿಪ್ಸಂನಲ್ಲೋ ಒಂದು ಅಚ್ಚು ತೆಗೆದಿಡಬಹುದಿತ್ತು. ಅದೂ ಹೊಳೆಯಲಿಲ್ಲ. ನನ್ನ ಲೆಕ್ಕ ಸರಿಯಿದೆ ಎಂಬುದರಲ್ಲಿ ನನಗೆ ಅಷ್ಟು ನಂಬಿಕೆಯಿತ್ತು.

ತಪಾಸಣೆಯ ಕಾಗದಕ್ಕೆ ಸಹಿ ಮಾಡಿದೆ. ಕಂಬಿಗಳಲ್ಲಿ ತಪ್ಪಿರಲಿಲ್ಲ. ಹಿಂತಿರುಗುವಾಗ ಬಕಾಲಾದ ಮುಂದೆ ಕಾರು ನಿಲ್ಲಿಸಬೇಡಿ ಎಂದು ಡ್ರೈವರಿಗೆ ಹೇಳಿದೆ. ಅವರು ಹೊರಗೆ ನೀರಿನ ಕ್ಯಾನುಗಳನ್ನು ಒಂದರ ಮೇಲೊಂದು ಇಡುತ್ತಿದ್ದರು. ಕಾರು ಗುರುತಿಸಿ ಕೈ ಎತ್ತಿದರು.

ಹಿರಿಯ ಎಂಜಿನಿಯರ್ ಬಾಗಿಲು ಮುಚ್ಚಿಸಿ ಎಲ್ಲ ಕೇಳಿದರು. ಬಹಳ ಹೊತ್ತು ಕನ್ನಡಕ ಒರೆಸಿದರು.

"ಆ ಗಾರೆ ಕೊಳೆತಿತ್ತು ಅಂತ ಹೇಳು," ಎಂದರು ಕೊನೆಗೆ. "ಮುಟ್ಟಿದರೆ ಉದುರುತ್ತಿತ್ತು, ಉಳಿಸಲು ಆಗಲಿಲ್ಲ ಅಂತ. ಇಪ್ಪತ್ತೈದು ವರ್ಷ ಉಪ್ಪುನೀರಿನಲ್ಲಿದ್ದದ್ದು. ಯಾರಾದರೂ ನಂಬುತ್ತಾರೆ."

"ಗಟ್ಟಿಯಾಗಿತ್ತು. ನಾನು ತಟ್ಟಿ ನೋಡಿದ್ದೆ."

"ನನಗೆ ಗೊತ್ತು, ಯಾ ಬಿಂತಿ, ಮಗಳೇ. ನಿನಗಾಗಿ ಹೇಳುತ್ತಿಲ್ಲ. ಆ ಹುಡುಗಿಗಾಗಿ. ಉಪ್ಪುನೀರು ತಿಂದಿತು ಅಂದರೆ ಅದು ವಿಧಿ. ಎಡ ಬಲದ ಗೊಂದಲದಲ್ಲಿ ಹೋಯಿತು ಅಂದರೆ ಅವಳು ಅದನ್ನು ಎಲ್ಲಿ ಇಟ್ಟುಕೊಳ್ಳಬೇಕು?"

ಅವರ ಮಾತಿನಲ್ಲಿ ದಯೆಯಿತ್ತು. ಸಂಜೆಯೆಲ್ಲ ಅದನ್ನೇ ಯೋಚಿಸಿದೆ. ಉಪ್ಪುನೀರಿನ ಮಾತು ಹೇಳುವುದು ಎಷ್ಟು ಸುಲಭವೆಂದು ಲೆಕ್ಕ ಹಾಕಿದೆ. ನಾಲ್ಕು ವಾಕ್ಯ ಸಾಕಿತ್ತು. ಆ ನಾಲ್ಕು ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿಯೂ ನೋಡಿದೆ. ಆದರೆ ಅವಳ ತಂದೆ ಕೊನೆಯ ದಿನಗಳಲ್ಲಿ ಮಾಡಿದ ಕೆಲಸ ಆ ತೇಪೆ. ಅದು ಕೊಳೆತಿತ್ತು ಎನ್ನಬೇಕಿತ್ತು. ಕೊಳೆತಿರಲಿಲ್ಲ. ಆ ಕಂಬದಲ್ಲಿ ಅದರಷ್ಟು ಗಟ್ಟಿಯಾದದ್ದು ಬೇರೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಕಚೇರಿಗೆ ತಡವಾಗುತ್ತದೆಂದು ತಿಳಿಸಿ, ಬಸ್ ಹಿಡಿದು ಜಹ್ರಾಕ್ಕೆ ಹೋದೆ. ಅವರು ಆಗತಾನೇ ಬಂದ ಖುಬ್ಬೂಸ್ ರೊಟ್ಟಿಯ ಪೊಟ್ಟಣಗಳನ್ನು ಹಲಗೆಯ ಮೇಲೆ ಜೋಡಿಸುತ್ತಿದ್ದರು.

"ಬಸ್ಸಿನಲ್ಲಿ ಬಂದದ್ದಾ? ನಿಲ್ಲಿ, ಒಂದು ತೋರಿಸ್ಲಿಕ್ಕುಂಟು," ಎಂದು ಒಳಗೆ ಹೋಗಿ ಒಂದು ಜೊತೆ ರಬ್ಬರ್ ಬೂಟು ತಂದರು. ಹೊಸದು, ಹಸಿರು ಬಣ್ಣದ್ದು, ಚಿಕ್ಕ ಅಳತೆ. "ಕೆಸರಲ್ಲಿ ಅವಳು ಚಪ್ಪಲಿ ಹಾಕಿ ನಡೆಯುದು ಹೇಗೆ? ಅಳತೆ ಫೋನಲ್ಲಿ ಕೇಳಿ ತಂದೆ. ಯಾಕೆ ಅಂತ ಹೇಳ್ಲಿಲ್ಲ."

ನಾನು ನಿಂತೇ ಹೇಳಿದೆ. ಕೈ ಇಲ್ಲ, ಕೆತ್ತಿಬಿಟ್ಟಿದ್ದಾರೆ, ಕಂಬದ ಸಂಖ್ಯೆ ಬರೆಯುವಾಗ ನಾನು ತಪ್ಪು ಮಾಡಿದೆ, ಕೆಲಸಗಾರರು ನಾನು ಬರೆದಂತೆಯೇ ಮಾಡಿದ್ದಾರೆ ಎಂದೆ.

ಅವರು ಬೂಟುಗಳನ್ನು ಹಿಡಿದುಕೊಂಡೇ ಇದ್ದರು.

"ಸ್ವಲ್ಪವೂ ಇಲ್ವಾ?"

"ಇಲ್ಲ."

"ಒಂದು ಬೆರಳು?"

"ಇಲ್ಲ."

ಒಬ್ಬ ಗಿರಾಕಿ ಬಂದು ಹಾಲು ಕೇಳಿದ. ಅವರು ಬೂಟುಗಳನ್ನು ಕೆಳಗಿಟ್ಟು ಹಾಲು ಕೊಟ್ಟು, ಚಿಲ್ಲರೆ ಕೊಟ್ಟು ಕಳಿಸಿದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಿಂತು ಕೇಳಲು ಸಿದ್ಧಳಾಗಿ ಹೋಗಿದ್ದೆ.

"ನನ್ನಿಂದ ಆಗುದಿಲ್ಲ," ಎಂದರು ಅವರು. "ಇದನ್ನು ಅವಳಿಗೆ ನಾನು ಹೇಳುದು ಆಗುದಿಲ್ಲ. ನೀವೇ ಹೇಳಿ." ಫೋನ್ ಒತ್ತಿ ನನ್ನ ಕಡೆ ಚಾಚಿದರು.

ಆ ಕಡೆಯಿಂದ ಹುಡುಗಿ ಬ್ಯಾರಿಯಲ್ಲಿ ಏನೋ ನಗುತ್ತಾ ಕೇಳಿದಳು. ಬೂಟಿನ ವಿಷಯವೇ ಇರಬೇಕು. ನಾನು ನನ್ನ ಹೆಸರು ಹೇಳಿದೆ. ಅವಳಿಗೆ ಗೊತ್ತಿತ್ತು. "ಕಿಟಕಿಯ ಮೇಡಮ್," ಎಂದಳು. ನಂತರ ನಾನು ಅವಳ ಚಿಕ್ಕಪ್ಪನಿಗೆ ಹೇಳಿದ್ದನ್ನೇ, ಅದೇ ಕ್ರಮದಲ್ಲಿ, ಅವಳಿಗೂ ಹೇಳಿದೆ.

ಅವಳ ಹಿಂದೆ ಯಾರೋ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಆಮೇಲೆ ಆ ಸದ್ದಿನಿಂದ ದೂರ ಬಂದಳೆಂದು ತೋರುತ್ತದೆ.

"ನೀವು ಅದನ್ನು ಮುಟ್ಟಿದ್ರಾ?" ಎಂದು ಕೇಳಿದಳು.

ಮುಟ್ಟಿದ್ದೆ. ಅವರು ತೋರಿಸಿದ ದಿನ, ಅವರು ಮೇಲೆ ಹೋದ ನಂತರ, ಸುತ್ತ ಯಾರೂ ಇಲ್ಲದ್ದನ್ನು ನೋಡಿ ನನ್ನ ಬಲಗೈಯನ್ನು ಅದರೊಳಗೆ ಇಟ್ಟಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಅವಳಿಗೆ ಸೇರಬೇಕಾದದ್ದನ್ನು ಅವಳಿಗಿಂತ ಮೊದಲು ನಾನು ತೆಗೆದುಕೊಂಡೆನೆಂದು ಆ ಕ್ಷಣ ಅನಿಸಿತು. ಇಲ್ಲ ಎನ್ನಬಹುದಿತ್ತು.

"ಹೂಂ. ಕೈ ಇಟ್ಟಿದ್ದೆ," ಎಂದೆ.

"ಹಾಗಾದ್ರೆ ಹೇಳಿ."

ಅಂಗಡಿಯ ಬಾಗಿಲಲ್ಲಿ, ಈರುಳ್ಳಿ ಚೀಲಗಳ ಪಕ್ಕ ನಿಂತು ನಾನು ಹೇಳಿದೆ. ನನ್ನ ಕೈಗಿಂತ ಒಂದು ಬೆರಳಿನ ಗಂಟಿನಷ್ಟು ಉದ್ದ ಇತ್ತು. ಹೆಬ್ಬೆರಳಿನ ಬುಡದಲ್ಲಿ ಹೆಚ್ಚು ಆಳ, ಅಲ್ಲಿ ಭಾರ ಹಾಕಿ ಒತ್ತಿದ್ದಾರೆ. ಕಿರುಬೆರಳು ಸ್ವಲ್ಪ ಡೊಂಕು. ಒಳಗೆ ಒರಟಿರಲಿಲ್ಲ, ನುಣುಪಾಗಿತ್ತು, ತೇವವಿತ್ತು. ಬೆರಳ ತುದಿಗಳಲ್ಲಿ ಮರಳಿನ ಕಾಳು ಸಿಗುತ್ತಿತ್ತು. ಅವಳು ನಡುವೆ ಒಮ್ಮೆ, "ಕಿರುಬೆರಳು ಯಾವ ಕಡೆಗೆ ಡೊಂಕು?" ಎಂದು ಕೇಳಿದಳು. ಒಳಗೆ, ಪಕ್ಕದ ಬೆರಳಿನ ಕಡೆಗೆ ಎಂದೆ. ಅವಳು ತನ್ನ ಕೈ ನೋಡಿಕೊಂಡಳೋ ಏನೋ ನನಗೆ ಗೊತ್ತಿಲ್ಲ, ಕೇಳಲಿಲ್ಲ. ಚಿಕ್ಕಪ್ಪ ಪೊಟ್ಟಣ ಜೋಡಿಸುವುದನ್ನು ನಿಲ್ಲಿಸಿ ಬೆನ್ನು ತಿರುಗಿಸಿ ನಿಂತಿದ್ದರು.

ಹೇಳುವುದು ಮುಗಿದ ಮೇಲೆ ಅವಳು, "ಚಿಕ್ಕಪ್ಪನಿಗೆ ಕೊಡಿ," ಎಂದಳು. ಕೊಟ್ಟೆ. ಅವರು ಬ್ಯಾರಿಯಲ್ಲಿ ಮಾತಾಡಿದರು, ಸಣ್ಣ ಸಣ್ಣ ಮಾತು, ನನಗೆ ಅರ್ಥವಾಗಲಿಲ್ಲ. ಅವಳು ಈಗಲೂ ಬರುತ್ತಾಳೋ ಇಲ್ಲವೋ ತಿಳಿಯಲು, ಶನಿವಾರ ಎಂಬ ಪದ ಬರುತ್ತದೆಯೇ ಎಂದು ಕಿವಿಗೊಟ್ಟು ನಿಂತೆ. ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಾನು ರಸ್ತೆ ದಾಟಿ, ಶರ್ಕ್ ಕಡೆಯ ಬಸ್ಸಿಗೆ ಕಾಯುತ್ತಾ ನಿಂತೆ.